ಪದ್ಮಿನಿಯ ಗಂಟಲು

ಹೋದ ವರ್ಷ ದೊಡ್ಡಹಬ್ಬಕ್ಕೆ, ಅಂದರೆ ದೀಪಾವಳಿಗೆ, ಕಾರವಾರದಿಂದ ಶಿರಸಿ ಸೀಮೆಯ ನಮ್ಮ ಮನೆಗೆ ಹೋದಾಗ ನನ್ನ ತಾಯಿ, ಆಯಿ, ಅಂಗಳಕ್ಕೆ ಬರಲಿಲ್ಲ. ನಮ್ಮ ಮನೆಗೆ ಇಳಿಯುವ ದಾರಿಯಲ್ಲಿ ಒಂದು ಮೋರಿ, ಅದರ ಮಗ್ಗುಲಲ್ಲೇ ಒಂದು ಕಡಿದಾದ ತಿರುವು ಇದೆ. ಅಪ್ಪಯ್ಯನ ಫಿಯಾಟ್ ಆ ತಿರುವಿಗೆ ಬಂತೆಂದರೆ ಆಯಿಗೆ ಅಡುಗೆಮನೆಯಲ್ಲಿದ್ದೇ ಗೊತ್ತಾಗುತ್ತಿತ್ತು. ಕಾರು ಅಂಗಳಕ್ಕೆ ಬಂದು ನಿಲ್ಲುವ ಹೊತ್ತಿಗೆ ಒಲೆಯ ಮೇಲೆ ಚಹಾದ ನೀರು ಬಿಸಿಯಾಗುತ್ತಿತ್ತು, ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಜಗುಲಿಗೆ ಬಂದಿರುತ್ತಿದ್ದಳು. ಅಪ್ಪಯ್ಯ ಹೋದ ಮೇಲೆ ಕೆಲವು ವರ್ಷ ಮಾಡಿನಡಿ ನಿಂತಿದ್ದ ಕಾರನ್ನು ನಾನು ಎಬ್ಬಿಸಿ ಓಡಿಸತೊಡಗಿದಾಗಲೂ ಈ ಪದ್ಧತಿ ತಪ್ಪಿರಲಿಲ್ಲ. ಈ ಸಲ ಮಾತ್ರ ನಾನು ಚೀಲ ಹಿಡಿದು ಒಳಗೆ ಹೋಗಿ ಕರೆಯಬೇಕಾಯಿತು. ಬಚ್ಚಲ ಒಲೆಗೆ ಕಟ್ಟಿಗೆ ನೂಕುತ್ತಿದ್ದವಳು ಬೆಚ್ಚಿ ತಿರುಗಿ, ‘ಅಯ್ಯೋ ತಮಾ, ನೀನನೋ? ಆನು ಯಾರ್ದೋ ಟಿಲ್ಲರ್ ಬಂತು ಹೇಳಿ ಮಾಡಿದ್ದಿ’ ಎಂದಳು. ನನ್ನ ಕಾರಿನ ಸದ್ದನ್ನು ಯಾರದೋ ಗದ್ದೆ ಉಳುವ ಟಿಲ್ಲರಿನದೆಂದುಕೊಂಡಿದ್ದಳು.

ನಕ್ಕು ಸುಮ್ಮನಾದೆ. ಆದರೆ ಆ ಮಾತು ಹಬ್ಬದ ಮೂರು ದಿನವೂ ಹಲ್ಲಿನ ಸಂದಿಯ ಅಡಿಕೆ ಚೂರಿನಂತೆ ಕಿರಿಕಿರಿ ಮಾಡಿತು. ಏಕೆಂದರೆ ಅದಕ್ಕೂ ಹಿಂದಿನ ಎಂಟು ತಿಂಗಳು ನಾನು ಆ ಕಾರಿನ ಮೇಲೆ ಮಾಡಿದ ಕೆಲಸದ ಮೊದಲ ನಿಯಮವೇ ‘ಏನೂ ಬದಲಾದಂತೆ ಕಾಣಬಾರದು’ ಎಂಬುದಾಗಿತ್ತು.

ಕಾರು 1976ರ ಪ್ರೀಮಿಯರ್ ಪದ್ಮಿನಿ. ಮುಂಬೈಯ ಕುರ್ಲಾದ ಕಾರ್ಖಾನೆಯಲ್ಲಿ ತಯಾರಾದದ್ದು, 1089 ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲಿ ಗೇರ್. ಹೆಸರು ಪದ್ಮಿನಿಯಾದರೂ ನಮ್ಮ ಕಡೆ ಯಾರೂ ಅದನ್ನು ಹಾಗೆ ಕರೆದಿಲ್ಲ, ಎಲ್ಲರಿಗೂ ಅದು ಫಿಯಾಟೇ. 1988ರಲ್ಲಿ ಅಪ್ಪಯ್ಯ ಅದನ್ನು ಮುಂಬೈಯಲ್ಲಿದ್ದ ನೆಂಟರ ಮೂಲಕ ಕೊಂಡು ತಂದ. ಹಳೆಯ ಮೂರಕ್ಷರದ ನಂಬರು ಇನ್ನೂ ಹಾಗೆಯೇ ಇದೆ. ಐವತ್ತು ವರ್ಷ ದಾಟಿದ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸುವ ಅವಕಾಶವನ್ನು 2021ರ ಕೇಂದ್ರ ನಿಯಮ ಕೊಟ್ಟಿದೆ. ಚಾಸಿಸ್, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು ಎನ್ನುವುದು ಅದರ ಷರತ್ತು. ನನ್ನ ಎಚ್ಚರಕ್ಕೆ ಅದೂ ಒಂದು ಕಾರಣ. ಇನ್ನೊಂದು ಕಾರಣ, ಡ್ಯಾಶ್‌ಬೋರ್ಡಿನ ಕೆಳಗೆ ಅಪ್ಪಯ್ಯ ಹುಬ್ಬಳ್ಳಿಯಿಂದ ತಂದು ಕೂರಿಸಿದ್ದ ಮೀಡಿಯಂ ವೇವ್ ರೇಡಿಯೋ. ದೇವಿಮನೆ ಘಟ್ಟ ಏರುವಾಗ ಅದರಲ್ಲಿ 765 ಕಿಲೋಹರ್ಟ್ಸಿನ ಧಾರವಾಡ ಒಂದು ತಿರುವಿನಲ್ಲಿ ಮುಳುಗಿ ಮುಂದಿನ ತಿರುವಿನಲ್ಲಿ ಏಳುತ್ತಿತ್ತು. ವಾರ್ತೆ ಓದುವವರ ಅರ್ಧ ವಾಕ್ಯ ಕಾಡಿಗೆ ಹೋಗುತ್ತಿತ್ತು, ಅದನ್ನು ಅಪ್ಪಯ್ಯ ತಾನೇ ಊಹಿಸಿ ಪೂರ್ತಿ ಮಾಡುತ್ತಿದ್ದ. ಆ ರೇಡಿಯೋವನ್ನು ಕಿತ್ತು ಅಲ್ಲಿ ನೀಲಿ ದೀಪ ಮಿನುಗುವ ಸ್ಟೀರಿಯೋ ಕೂರಿಸುವುದು ನನ್ನಿಂದ ಆಗದ ಕೆಲಸ.

ಕೊರೆಯದೆ ಕೂರಿಸುವುದು

ಹಾಗಾಗಿ ಬಚ್ಚಿಟ್ಟ ಸ್ಟೀರಿಯೋ. ಇದರಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ, ತಾಳ್ಮೆ ಬೇಕು ಅಷ್ಟೆ. ಫೋನಿನಿಂದ ಹಾಡನ್ನು ಪಡೆಯುವ ಬೆಂಕಿಪೊಟ್ಟಣದಷ್ಟು ದೊಡ್ಡ ಬ್ಲೂಟೂತ್ ಡಬ್ಬಿ ಹಳೆಯ ರೇಡಿಯೋದ ಬೆನ್ನ ಹಿಂದೆ ಕುಳಿತಿತು. ಸಣ್ಣ ಆಂಪ್ಲಿಫೈಯರ್ ಮುಂದಿನ ಉದ್ದ ಸೀಟಿನ ಅಡಿಗೆ ಹೋಯಿತು. ಹಿಂದಿನ ಗಾಜಿನ ಕೆಳಗಿನ ಹಲಗೆಯನ್ನು ಎತ್ತಿಟ್ಟು, ಅದೇ ಅಳತೆಗೆ ಮರೈನ್ ಪ್ಲೈವುಡ್ಡಿನಲ್ಲಿ ಇನ್ನೊಂದನ್ನು ಕೊಯ್ಯಿಸಿ, ಅದರ ಅಡಿಗೆ ಎರಡು ಸ್ಪೀಕರ್ ಕಟ್ಟಿ, ಮೇಲೆ ತೆಳುವಾದ ಬಟ್ಟೆ ಎಳೆದೆ. ಮುಂದೆ ಕಾಲಿನ ಪಕ್ಕದ ಮೂಲೆಗಳಿಗೆ ಹೊಂದುವಂತೆ ಎರಡು ಪುಟ್ಟ ಪೆಟ್ಟಿಗೆ ಮಾಡಿಸಿದೆ. ಅವು ಸ್ಕ್ರೂ ಇಲ್ಲದೆ ಬಿಗಿಯಾಗಿ ಕೂರುತ್ತವೆ, ಬೇಡವೆನಿಸಿದ ದಿನ ಕೈಯಲ್ಲೇ ಎಳೆದು ತೆಗೆಯಬಹುದು. ಇಡೀ ಕೆಲಸದಲ್ಲಿ ಕಾರಿನ ತಗಡಿಗೆ ಒಂದು ಹೊಸ ತೂತೂ ಬೀಳಲಿಲ್ಲ. ಸ್ವಿಚ್ ಬಾನೆಟ್ ಲಿವರಿನ ಹಿಂದೆ ಇದೆ, ಬೆರಳಿಗೆ ಮಾತ್ರ ಗೊತ್ತು. ಬ್ಯಾಟರಿಯಿಂದ ಹೊರಟ ವೈರಿಗೆ ಒಂದು ಗೇಣಿನೊಳಗೇ ಫ್ಯೂಸ್ ಹಾಕಿದೆ. ಫ್ಯೂಸನ್ನು ಆಂಪ್ಲಿಫೈಯರಿನ ಹತ್ತಿರ ಹಾಕುವವರನ್ನು ಕಂಡಿದ್ದೇನೆ. ನಡುವೆ ಎಲ್ಲೋ ವೈರು ತಗಡಿಗೆ ಉಜ್ಜಿ ಸಿಪ್ಪೆ ಸುಲಿದರೆ ಆ ಫ್ಯೂಸ್ ತೆಪ್ಪಗೆ ಕುಳಿತಿರುತ್ತದೆ, ಕಾರು ಸುಡುತ್ತದೆ.

ಕಾಡಿದ್ದು ಗದ್ದಲ. ಮಳೆಗಾಲದ ಒಂದು ರಾತ್ರಿ ಬಾಡಿಗೆ ಮನೆಯ ಕಂಪೌಂಡಿನಲ್ಲಿ ಮೊದಲ ಸಲ ಹಾಡು ಹಾಕಿದಾಗ ಅದರ ಹಿಂದೆ ಸೊಳ್ಳೆಯಂಥ ಒಂದು ಸಣ್ಣ ರಾಗ ಕೇಳಿಸಿತು. ಆಕ್ಸಿಲರೇಟರ್ ಒತ್ತಿದರೆ ಅದರ ಶ್ರುತಿಯೂ ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಅದರ ಜೊತೆಗೆ ಬೇರೆಯೇ ಆದ ‘ಟಿಕ್ ಟಿಕ್’. ಎರಡು ರೋಗ, ಎರಡು ಮೂಲ. ಸೊಳ್ಳೆ ಬಂದದ್ದು ಎಂಜಿನ್ನಿನ ಜೊತೆ ತಿರುಗಿ ಕರೆಂಟು ಕೊಡುವ ಡೈನಮೋದಿಂದ. ಅರ್ಥ್ ವೈರನ್ನು ನಾನು ಸೀಟಿನ ಬೋಲ್ಟಿಗೆ ಕಟ್ಟಿದ್ದೆ, ಆ ಬೋಲ್ಟಿನ ಅಡಿಯಲ್ಲಿ ಐವತ್ತು ವರ್ಷದ ಬಣ್ಣವೂ ಕಾರವಾರದ ತುಕ್ಕೂ ಪದರಪದರವಾಗಿ ಕುಳಿತಿದ್ದವು. ಉಪ್ಪುಕಾಗದದಿಂದ ಉಜ್ಜಿ ಬೆಳ್ಳಗಿನ ತಗಡು ಕಾಣಿಸಿದ ಮೇಲೆ, ಎಲ್ಲ ಉಪಕರಣಗಳ ಅರ್ಥನ್ನೂ ಆ ಒಂದೇ ಬಿಂದುವಿಗೆ ತಂದು ಬಿಗಿದು, ಮೇಲೆ ವ್ಯಾಸಲೀನ್ ಸವರಿದೆ. ಸೊಳ್ಳೆ ಹಾರಿಹೋಯಿತು. ಟಿಕ್ ಟಿಕ್ ಮಾತ್ರ ಇಗ್ನಿಷನ್ನಿನದು, ಅಂದರೆ ಪೆಟ್ರೋಲಿಗೆ ಕಿಡಿ ಹಚ್ಚುವ ವ್ಯವಸ್ಥೆಯದು. ಅದಕ್ಕೆ ಕಾಯಿಲ್‌ಗೆ ಒಂದು ಕಂಡೆನ್ಸರ್ ಕಟ್ಟಬೇಕು, ಸ್ವಿಚ್ಚಿನಿಂದ ಕರೆಂಟು ಬರುವ ಬದಿಗೆ. ನಾನು ಆತುರದಲ್ಲಿ, ಕಿಡಿಗಾಗಿ ಕರೆಂಟನ್ನು ಕಡಿದು ಕೂಡಿಸುವ ಪಾಯಿಂಟಿಗೆ ಹೋಗುವ ಬದಿಗೆ ಕಟ್ಟಿದೆ. ಮರುದಿನ ಬಿಣಗಾ ಏರಿನಲ್ಲಿ ಕಾರು ಕೆಮ್ಮಿ ಕೆಮ್ಮಿ ನಿಂತಿತು, ಕಿಡಿ ಬಡಕಲಾಗಿತ್ತು. ನನ್ನದೇ ತಪ್ಪು, ಹಿಂದಿದ್ದ ಲಾರಿಯವನಿಗೆ ಕೈಮುಗಿದು ರಸ್ತೆಯಂಚಿನಲ್ಲೇ ಬದಲಿಸಿದೆ.

ಡೈನಮೋದ ಸಂಗತಿಯನ್ನು ಇಲ್ಲಿಯೇ ಹೇಳಿಬಿಡಬೇಕು, ಮುಂದಿನ ಕಥೆಗೆ ಅದು ಬೇಕು. ಹೊಸ ಕಾರುಗಳ ಆಲ್ಟರ್ನೇಟರಿನಂತೆ ಇದು ನಿಂತಲ್ಲಿ ಕರೆಂಟು ಕೊಡುವುದಿಲ್ಲ; ಎಂಜಿನ್ ಮೆಲ್ಲಗೆ ತಿರುಗುವಾಗ ಚಾರ್ಜಿನ ಕೆಂಪು ದೀಪ ಮಿಣಮಿಣ ಎನ್ನುತ್ತಿರುತ್ತದೆ. 45 ವಾಟಿನ ಎರಡು ಹೆಡ್‌ಲೈಟಿಗೇ ಹನ್ನೆರಡು ವೋಲ್ಟಿನಲ್ಲಿ ಏಳೂವರೆ ಆಂಪಿಯರ್ ಬೇಕು. ಜುಲೈ ತಿಂಗಳ ರಾತ್ರಿ, ಘಟ್ಟದಲ್ಲಿ, ವೈಪರ್ ಹೊಡೆದುಕೊಳ್ಳುತ್ತಿರುವಾಗ ನೂರು ವಾಟಿನ ಆಂಪ್ಲಿಫೈಯರನ್ನೂ ಪೂರ್ತಿ ಬಿಟ್ಟರೆ ಇನ್ನೊಂದು ಎಂಟು ಆಂಪಿಯರ್. ಅಷ್ಟನ್ನು ಬ್ಯಾಟರಿಯೇ ತನ್ನ ಗಂಟಿನಿಂದ ಕೊಡಬೇಕು. ಹಾಗಾಗಿ ನಾನು ಚಿಕ್ಕ ಆಂಪ್ಲಿಫೈಯರನ್ನೇ ಆರಿಸಿದ್ದೆ. ಯಕ್ಷಗಾನದ ಪದ್ಯ ಕೇಳುವುದಕ್ಕೆ ಅಷ್ಟು ಸಾಕು. ಭಾಗವತರ ದನಿ ಮುಂದಿನ ಮೂಲೆಗಳಿಂದ, ಮದ್ದಳೆ ಹಿಂದಿನಿಂದ. ಕಾರಿನೊಳಗೆ ಸ್ಪೀಕರೇ ಕಾಣದಿರುವುದರಿಂದ, ಹಾಡು ಎಲ್ಲಿಂದ ಬರುತ್ತಿದೆಯೆಂದು ಜೊತೆಗೆ ಕುಳಿತವರು ರೇಡಿಯೋದತ್ತ ಬಗ್ಗಿ ನೋಡುವುದನ್ನು ಕಂಡು ಹಿಗ್ಗಿದ್ದೂ ಉಂಟು.

ಬೈತಖೋಲದ ಶೆಡ್ಡಿನಲ್ಲಿ

ಇಷ್ಟು ಸಂಕೋಚದಿಂದ ಸ್ಟೀರಿಯೋ ಕೂರಿಸಿದ ಅದೇ ಮನುಷ್ಯ ಎಕ್ಸಾಸ್ಟಿನ, ಅಂದರೆ ಹೊಗೆಕೊಳವೆಯ, ವಿಷಯಕ್ಕೆ ಬಂದಾಗ ಬೇರೆಯೇ ಆದ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರು ಹುಟ್ಟುತ್ತದೆ. ದೂರ ಓಡಿದರೆ ಅದು ಆವಿಯಾಗಿಯೇ ಹೊರಗೆ ಹೋಗುತ್ತದೆ. ಮನೆಯಿಂದ ಕಚೇರಿಗೆ ಮೂರು ಕಿಲೋಮೀಟರ್ ಓಡಿ ನಿಂತರೆ ಸೈಲೆನ್ಸರ್ ಬಿಸಿಯಾಗುವುದೇ ಇಲ್ಲ, ನೀರು ಒಳಗೇ ನಿಂತು ಒಳಗಿನಿಂದ ತಿನ್ನುತ್ತದೆ. ಹೊರಗಿನಿಂದ ತಿನ್ನುವುದಕ್ಕೆ ನಮ್ಮ ಕಡಲ ಗಾಳಿ ಇದ್ದೇ ಇದೆ. ಅಪ್ಪಯ್ಯನ ಕಾಲದಲ್ಲೂ ಎಷ್ಟೋ ಸೈಲೆನ್ಸರ್‌ಗಳು ಸತ್ತಿದ್ದವು. ಹೊಸದು ಸಿಗುವ ತನಕ ಡಾಲ್ಡಾ ಡಬ್ಬಿಯ ತಗಡು ಸುತ್ತಿ ತಂತಿ ಬಿಗಿದು ಓಡಿಸಿದ್ದು ನನಗೆ ನೆನಪಿದೆ. ನನ್ನ ಕೈಗೆ ಬಂದದ್ದರ ಹೊಟ್ಟೆಯಲ್ಲಿ ಹೆಬ್ಬೆರಳು ತೂರುವ ತೂತು. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಕೊಂಡ ಹೊಸದು ಒಂದೇ ಮಳೆಗಾಲಕ್ಕೆ ತಗಡು ಕೂಡುವ ಅಂಚಿನಲ್ಲಿ ಬಿರಿಯಿತು. ಆಗ, ಒಮ್ಮೆಲೇ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಪೈಪು, ಸೈಲೆನ್ಸರ್ ಇಡೀ ಸಾಲನ್ನು ಮಾಡಿಸಿಬಿಡೋಣ ಎನ್ನಿಸಿತು. ಅಲ್ಲಿಯವರೆಗೆ ವಿಚಾರ ಸರಿಯಾಗಿಯೇ ಇತ್ತು.

ಕಾರವಾರದಲ್ಲಿ ಇದಕ್ಕೆ ಸರಿಯಾದ ಕೈ ಇರುವುದು ಗ್ಯಾರೇಜಿನಲ್ಲಲ್ಲ, ಬೈತಖೋಲ ಬಂದರಿನ ಪಕ್ಕ ಬೋಟುಗಳಿಗೆ ಕೆಲಸ ಮಾಡುವ ಶೆಡ್ಡುಗಳಲ್ಲಿ. ಟ್ರಾಲರ್ ಎಂಜಿನ್ನಿನ ಹೊಗೆಕೊಳವೆ, ಕಟಕಟೆ, ಡೀಸೆಲ್ ಟ್ಯಾಂಕು ಎಲ್ಲವನ್ನೂ ಅಲ್ಲಿ ಆರ್ಗಾನ್ ವೆಲ್ಡಿಂಗಿನಲ್ಲಿ ಮಾಡುತ್ತಾರೆ. ನಾನು ಹಿಡಿದ ಮೇಸ್ತ್ರಿ ಕೊಂಕಣಿ ಲಯದ ಕನ್ನಡದಲ್ಲಿ, ಕಾರಿನ ಅಡಿಗೆ ಮಲಗಿಕೊಂಡೇ ಹೇಳಿದರು: ‘ಸರ್, ಬೋಟಿಂದಾದ್ರೆ ಪೈಪು ಸೀದಾ ಮೇಲೆ ಹೋಗ್ತದೆ. ಇದು ಕೇರೆಹಾವಿನ ಹಾಗೆ ಹೋಗ್ಬೇಕಲ್ಲ.’ ಕೇರೆಹಾವನ್ನು ಅವರು ಬಾಗಿಸಿದ ಬಗೆಯನ್ನು ನೋಡಲು ಎರಡು ದಿನ ರಜೆ ಹಾಕಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಪೈಪಿನ ಒಂದು ಬಾಯಿಗೆ ಮರದ ಬಿರಡೆ ಹೊಡೆದು, ಒಳಗೆ ಮರಳು ತುಂಬಿಸಿ, ಸುತ್ತಿಗೆಯಿಂದ ಪೈಪಿನ ಮೈಗೆ ತಟ್ಟುತ್ತ ತಟ್ಟುತ್ತ ಮರಳನ್ನು ಕೂರಿಸಿ, ಇನ್ನೊಂದು ಬಾಯಿಗೂ ಬಿರಡೆ. ಆಮೇಲೆ ಬಾಗಬೇಕಾದ ಜಾಗವನ್ನು ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ ನಿಧಾನವಾಗಿ ಎಳೆಯುವುದು. ಒಳಗೆ ಮರಳಿರುವುದರಿಂದ ಪೈಪು ಚಪ್ಪಟೆಯಾಗುವುದಿಲ್ಲ, ಸುಕ್ಕು ಬೀಳುವುದಿಲ್ಲ. ನಾಲ್ಕು ಹೆಜ್ಜೆಯಾಚೆಗೇ ಸಮುದ್ರದಂಡೆ ಇದ್ದರೂ ಅವರು ಆ ಮರಳನ್ನು ಮುಟ್ಟಲಿಲ್ಲ. ಉಪ್ಪು ಸ್ಟೇನ್‌ಲೆಸ್ಸಿಗೂ ಶತ್ರು. ಚೀಲದಲ್ಲಿ ತಂದಿಟ್ಟ ಹೊಳೆಯ ಮರಳನ್ನು ಜರಡಿ ಹಿಡಿದು, ಕಬ್ಬಿಣದ ಬಾಣಲೆಯಲ್ಲಿ ಅವಲಕ್ಕಿ ಹುರಿದಂತೆ ಹುರಿದರು. ಪಸೆ ಉಳಿದರೆ ಕಾಯಿಸುವಾಗ ಆವಿ ಕಟ್ಟಿ ಬಿರಡೆ ಗುಂಡಿನಂತೆ ಹಾರುತ್ತದೆಯಂತೆ; ಎದುರಿನ ಗೋಡೆಯ ಸಿಮೆಂಟ್ ಶೀಟಿನಲ್ಲಿ ಅಂಥದೊಂದರ ಗುರುತನ್ನೂ ತೋರಿಸಿದರು.

ನನ್ನ ತಪ್ಪು ಪೈಪಿನ ಅಳತೆಯಲ್ಲಿ. ಮೇಸ್ತ್ರಿ ಹಳೆಯದರಷ್ಟೇ, ಅಂದರೆ ಒಂದೂವರೆ ಇಂಚು ಸಾಕೆಂದರು. ನಾನು ಎರಡು ಇಂಚು ಎಂದೆ. ಸೈಲೆನ್ಸರ್ ಕೂಡ ಕೋಣೆ ಕೋಣೆಯಾಗಿ ಹೊಗೆಯನ್ನು ಸುತ್ತಿಸುವಂಥದ್ದಲ್ಲ, ನಡುವೆ ನೇರ ತೂತಿನ ನಳಿಗೆ ಇದ್ದು ಸುತ್ತ ಗ್ಲಾಸ್ ವುಲ್ ತುಂಬಿದ್ದು. ‘ಎಂಜಿನ್ ಉಸಿರಾಡಲಿ’ ಎಂದು ವಾದಿಸಿದ್ದು ನೆನಪಿದೆ. ನಿಜವಾದ ಕಾರಣ ಬೇರೆ: ಸದ್ದು ಬೇಕಿತ್ತು. ದಪ್ಪ, ಗಂಟಲ ತಳದಿಂದ ಬರುವ ಸದ್ದು. ಹಳೆಯ ಕಾರನ್ನು ಇಷ್ಟು ಚೆಂದ ಇಟ್ಟುಕೊಂಡಿದ್ದೇನೆಂದು ರಸ್ತೆಗೆ ತಿಳಿಯಬೇಕಿತ್ತು. ಕೆಲಸ ಮುಗಿದ ಸಂಜೆ ಬಿಣಗಾ ಕಡೆಯ ಸುರಂಗದೊಳಗೆ ಗಾಜು ಇಳಿಸಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದೆ. ಐವತ್ತರ ಹತ್ತಿರ ಬಂದವನು, ಪಕ್ಕದಲ್ಲಿ ಹೆಂಡತಿ ಕಿವಿ ಮುಚ್ಚಿಕೊಂಡು ಕುಳಿತಿರುವಾಗ, ಕಾಲೇಜು ಹುಡುಗರ ಬೈಕಿನ ಕೆಲಸವನ್ನೇ ಮಾಡಿದೆ. ಗೋಡೆಗಳಿಂದ ತಿರುಗಿ ಬಂದ ಆ ಗುಡುಗು ಎಷ್ಟು ಖುಷಿ ಕೊಟ್ಟಿತೆಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಬಾಯಿಲ್ಲದ ಪೈಪು

ಖುಷಿ ಅಂಕೋಲಾ ದಾಟುವ ತನಕ ಉಳಿಯಿತು. ಅರುವತ್ತರ ವೇಗದಲ್ಲಿ ಹೆದ್ದಾರಿಯಲ್ಲಿ ಹೋಗುತ್ತಿದ್ದರೆ ಕಾರಿನೊಳಗೆ ಒಂದು ‘ಹೂಂ’ಕಾರ ತುಂಬಿಕೊಳ್ಳುತ್ತಿತ್ತು, ಕಿವಿಗಿಂತ ಎದೆಗೆ ತಾಗುವಂಥದ್ದು. ಐವತ್ತಕ್ಕೆ ಇಳಿಸಿದರೆ ಇಲ್ಲ, ಎಪ್ಪತ್ತಕ್ಕೆ ಏರಿಸಿದರೆ ಇಲ್ಲ, ಆದರೆ ಆ ಕಾರು ಒಗ್ಗಿರುವ ವೇಗವೇ ಅರುವತ್ತು. ಫೋನಿನಲ್ಲಿ ಸದ್ದಿನ ಪಟ್ಟಿ ತೋರಿಸುವ ಆ್ಯಪ್ ಇಟ್ಟು ನೋಡಿದರೆ 85 ಹರ್ಟ್ಸಿನ ಬಳಿ ಒಂದು ಗೋಪುರ ನಿಂತಿತ್ತು. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಹೊಗೆ ಉಗುಳುತ್ತದೆ. ಅಂದರೆ ನಿಮಿಷಕ್ಕೆ ಸುಮಾರು 2,550 ಸುತ್ತಿನಲ್ಲಿ ಸೆಕೆಂಡಿಗೆ 85 ಬಡಿತ. ಆ ಬಡಿತಕ್ಕೂ ಕಾರಿನ ಡಬ್ಬಿಗೂ ಶ್ರುತಿ ಕೂಡಿಬಿಟ್ಟಿತ್ತು. ಗ್ಲಾಸ್ ವುಲ್ ತೀಕ್ಷ್ಣವಾದ ಸದ್ದನ್ನು ಹೀರುತ್ತದೆ, ಇಷ್ಟು ತಗ್ಗಿನದರ ಮೇಲೆ ಅದರ ಆಟ ಹೆಚ್ಚು ನಡೆಯುವುದಿಲ್ಲ.

ನನ್ನ ಎರಡು ಕೆಲಸಗಳೂ ಒಂದನ್ನೊಂದು ಕಚ್ಚಿಕೊಂಡದ್ದು ಇಲ್ಲಿ. ತಗ್ಗಿನ ಸದ್ದು ತನಗಿಂತ ಮೇಲಿನ ಸ್ವರಗಳನ್ನೂ ಮಸುಕು ಮಾಡುತ್ತದೆ. ಮದ್ದಳೆಯ ಎಡದ ಬದಿ ಪೂರ್ತಿ ಮುಳುಗಿತು, ಭಾಗವತರು ದೂರದ ಬಯಲಿನಲ್ಲಿ ಹಾಡಿದಂತಾಯಿತು. ದನಿ ಏರಿಸಿದೆ. ಕೇಳುವಷ್ಟು ಏರಿಸಿದರೆ ಚಿಕ್ಕ ಆಂಪ್ಲಿಫೈಯರ್ ಒಡಕಾಗಿ ಕಿರುಚುತ್ತಿತ್ತು. ದೊಡ್ಡದನ್ನು ಹಾಕೋಣವೆಂದರೆ ಡೈನಮೋಕ್ಕೆ ತ್ರಾಣವಿಲ್ಲ. ಡೈನಮೋ ತೆಗೆದು ಆಲ್ಟರ್ನೇಟರ್ ಕೂರಿಸೋಣವೆಂದರೆ ಅದಕ್ಕೆ ಬ್ರಾಕೆಟ್ ಮಾಡಿಸಬೇಕು, ವೈರಿಂಗ್ ಬದಲಿಸಬೇಕು. ತಗಡಿಗೆ ಒಂದು ತೂತೂ ಬೀಳಬಾರದೆಂದು ಶಪಥ ಮಾಡಿದವನು ಎಂಜಿನ್ನಿನ ಪಕ್ಕವನ್ನೇ ಬಿಚ್ಚಲು ಯೋಚಿಸುತ್ತಿದ್ದೆ, ಅದೂ ನಾನೇ ದುಡ್ಡು ಕೊಟ್ಟು ತಂದ ಗದ್ದಲವನ್ನು ಮೀರಿಸಿ ಹಾಡು ಕೇಳುವುದಕ್ಕೋಸ್ಕರ. ಇದರ ಮೇಲೆ ದೇವಿಮನೆಯ ಏರಿನಲ್ಲಿ, ಮೊದಲು ಮೂರನೇ ಗೇರಿನಲ್ಲಿ ಎಳೆಯುತ್ತಿದ್ದ ಕಡೆ ಎರಡಕ್ಕೆ ಇಳಿಸಬೇಕಾಗುತ್ತಿತ್ತು. ಎರಡು ಇಂಚಿನ ಪೈಪಿನ ಬಾಯಿ ಒಂದೂವರೆ ಇಂಚಿನದಕ್ಕಿಂತ ಸುಮಾರು ಒಂದೂ ಮುಕ್ಕಾಲು ಪಟ್ಟು ವಿಸ್ತಾರ. ಅಷ್ಟು ಅಗಲದಲ್ಲಿ ಇಷ್ಟು ಸಣ್ಣ ಎಂಜಿನ್ನಿನ ಹೊಗೆ ಸೋಮಾರಿಯಾಗುತ್ತದೆ. ಮುಂದಿನ ಬಡಿತದ ಹೊಗೆಯನ್ನು ತನ್ನ ಹಿಂದೆ ಸೆಳೆದುಕೊಂಡು ಹೋಗುವ ಓಟ ಅದಕ್ಕಿರುವುದಿಲ್ಲ. ಮೇಸ್ತ್ರಿಗೆ ಇದು ಲೆಕ್ಕವಿಲ್ಲದೆಯೇ ಗೊತ್ತಿತ್ತು.

ಸೋಲೊಪ್ಪಿಕೊಳ್ಳುವ ಮೊದಲು ಇನ್ನೊಂದು ಉಪಾಯ ಮಾಡಿದೆ. ಪೈಪಿನ ಪಕ್ಕಕ್ಕೆ, ಒಂದು ತುದಿ ಮುಚ್ಚಿದ ಕೊಂಬೆಯೊಂದನ್ನು ಬೆಸೆದರೆ, ಸದ್ದಿನ ಅಲೆ ಅದರೊಳಗೆ ಹೋಗಿ ಮುಚ್ಚಿದ ತುದಿಗೆ ಬಡಿದು ತಿರುಗಿ ಬರುವಷ್ಟರಲ್ಲಿ ಮೂಲ ಅಲೆಗೆ ಎದುರಾಗಿ ನಿಲ್ಲುತ್ತದೆ, ಎರಡೂ ಸೇರಿ ತಣ್ಣಗಾಗುತ್ತವೆ. ಕೊಂಬೆಯ ಉದ್ದ ಅಲೆಯುದ್ದದ ಕಾಲುಭಾಗವಿರಬೇಕು. ತಣ್ಣನೆಯ ಗಾಳಿಯಲ್ಲಿ 85 ಹರ್ಟ್ಸಿಗೆ ಒಂದು ಮೀಟರ್ ಸಾಕು, ಆದರೆ ಬಿಸಿ ಹೊಗೆಯಲ್ಲಿ ಸದ್ದು ಇನ್ನೂ ವೇಗವಾಗಿ ಓಡುತ್ತದೆ. 250 ಡಿಗ್ರಿಯ ಲೆಕ್ಕ ಹಿಡಿದರೆ ಹೆಚ್ಚುಕಡಿಮೆ ನಾಲ್ಕೂವರೆ ಅಡಿ ಬೇಕು. ಚೀಟಿ ನೋಡಿ ಮೇಸ್ತ್ರಿ ಬೀಡಿ ಆರಿಸಿದರು. ‘ಹೊಗೆ ಹೋಗದ ಪೈಪು ಯಾಕೆ ಸರ್? ಬಾಯೇ ಇಲ್ಲವಲ್ಲ.’ ಆದರೂ ಮಾಡಿಕೊಟ್ಟರು, ಹಿಂದಿನ ಆಕ್ಸಲಿನ ಮುಂದೆ ಮಡಚಿ ಕೂರಿಸಿದರು. ಹೂಂಕಾರ ಅರ್ಧಕ್ಕೆ ಇಳಿಯಿತು, ಪೂರ್ತಿ ಹೋಗಲಿಲ್ಲ. ಪೈಪು ಕಾದಷ್ಟೂ ಲೆಕ್ಕ ಜಾರುತ್ತದೆ. ಕುಮಟಾದಲ್ಲಿ ಸರಿಯಿದ್ದದ್ದು ಘಟ್ಟ ಹತ್ತಿ ಬಿಸಿಯಾದ ಮೇಲೆ ಬೇರೆ ವೇಗದಲ್ಲಿ ತಲೆ ಎತ್ತುತ್ತಿತ್ತು. ಈ ಅವತಾರದಲ್ಲೇ ನಾನು ದೊಡ್ಡಹಬ್ಬಕ್ಕೆ ಊರಿಗೆ ಹೋದದ್ದು, ಆಯಿ ಟಿಲ್ಲರ್ ಎಂದದ್ದು.

ಕಾಯಿದೆಯ ಮಾತೂ ಒಂದಿದೆ. ಸೈಲೆನ್ಸರ್ ಸದ್ದನ್ನು ಸಾಧ್ಯವಿದ್ದಷ್ಟು ತಗ್ಗಿಸಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಹೇಳುತ್ತದೆ. ಗದ್ದಲದ ಮಿತಿ ಮೀರಿದರೆ 10,000 ರೂಪಾಯಿವರೆಗೆ ದಂಡವೂ ಇದೆ, ಮೂರು ತಿಂಗಳವರೆಗೆ ಸೆರೆಯೂ ಇದೆ. ಯಾವ ಪೊಲೀಸರೂ ನನ್ನನ್ನು ತಡೆಯಲಿಲ್ಲ. ಹಳೆಯ ಕಾರೆಂದರೆ ಜನ ನಕ್ಕು ಬಿಡುತ್ತಾರೆ, ಅದೇ ಸದ್ದಿನ ಬೈಕನ್ನು ಹುಡುಗನೊಬ್ಬ ಓಡಿಸಿದ್ದರೆ ಬಿಡುತ್ತಿರಲಿಲ್ಲ. ಆ ರಿಯಾಯಿತಿಯನ್ನು ನಾನು ಬಳಸಿಕೊಂಡೆ ಎನ್ನುವುದು ಈಗ ಸ್ವಲ್ಪ ನಾಚಿಕೆಯ ವಿಷಯ.

ಟಕ ಟಕ

ಹಬ್ಬದಿಂದ ಮರಳಿ ಬಂದವನೇ ಬೈತಖೋಲಕ್ಕೆ ಹೋದೆ. ಮೇಸ್ತ್ರಿ ‘ನಾನು ಹೇಳಿರಲಿಲ್ಲವೇ’ ಎಂದು ಒಂದು ಸಲವೂ ಅನ್ನದೆ ಒಂದೂವರೆ ಇಂಚಿನ ಪೈಪು ಬಾಗಿಸಿದರು. ಒಳಗೆ ಮೂರು ಕೋಣೆಯಿರುವ ಸೈಲೆನ್ಸರನ್ನು ಸ್ಟೇನ್‌ಲೆಸ್ಸಿನಲ್ಲೇ ಕಟ್ಟಿ, ಅದರ ಅತ್ಯಂತ ತಗ್ಗಿನ ಜಾಗದಲ್ಲಿ ನೀರು ಬಸಿಯಲು ಮೂರು ಮಿಲಿಮೀಟರಿನ ತೂತು ಹಾಕಿದರು. ಹೂಂಕಾರ ಹೋಯಿತು, ಘಟ್ಟದಲ್ಲಿ ಮೂರನೇ ಗೇರ್ ಮರಳಿ ಸಿಕ್ಕಿತು, ಚಿಕ್ಕ ಆಂಪ್ಲಿಫೈಯರಿನಲ್ಲೇ ಮದ್ದಳೆಯ ಎರಡೂ ಬದಿ ಕೇಳತೊಡಗಿತು. ಸಂಕ್ರಾಂತಿಗೆ ಊರಿಗೆ ಹೊರಟಾಗ, ಈ ಸಲ ಆಯಿ ಜಗುಲಿಯಲ್ಲಿರುತ್ತಾಳೆಂದು ನನಗೆ ಖಾತ್ರಿಯಿತ್ತು.

ಇರಲಿಲ್ಲ. ಒಳಗೆ ಹೋಗಿ ಕೇಳಿಯೇಬಿಟ್ಟೆ: ಮೊದಲು ಅಷ್ಟು ದೂರದಿಂದ ಹೇಗೆ ಗೊತ್ತಾಗುತ್ತಿತ್ತು? ಅವಳು ಯೋಚಿಸಲೂ ಇಲ್ಲ. ‘ಟಕ ಟಕ ಹೇಳಿ ಬಡ್ಕತ್ತಿತ್ತಲೋ’ ಎಂದು ಅಡುಗೆಕಟ್ಟೆಯ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು ತೋರಿಸಿದಳು. ನನಗೆ ತಕ್ಷಣ ಹೊಳೆಯಿತು. ಮೋರಿಯ ತಿರುವಿನಲ್ಲಿ ಎರಡನೇ ಗೇರಿಗೆ ಇಳಿಸುವಾಗ ಎಂಜಿನ್ ಒಮ್ಮೆ ಅಲುಗುತ್ತದೆ. ಸೈಲೆನ್ಸರನ್ನು ತೂಗುಹಾಕುವ ರಬ್ಬರ್ ಜೋತುಬಿದ್ದಿದ್ದರೆ ಪೈಪು ಕಾರಿನ ತಳಕ್ಕೆ ಬಡಿಯುತ್ತದೆ. ಅಪ್ಪಯ್ಯ ಅದೆಷ್ಟು ಸೈಲೆನ್ಸರ್ ಬದಲಿಸಿದರೂ ಆ ರಬ್ಬರಿಗೆ ಎಂದೂ ದುಡ್ಡು ಹಾಕಿದವನಲ್ಲ, ಸೈಕಲ್ ಟ್ಯೂಬಿನ ತುಂಡು ಕಟ್ಟಿ ಸಾಗಿಸುತ್ತಿದ್ದ. ನಾನು ಕಾರಿನ ಅಡಿಗೆ ಮಲಗಿ ಮೊಟ್ಟಮೊದಲು ಕಿತ್ತು ಎಸೆದದ್ದೇ ಆ ಟ್ಯೂಬಿನ ತುಂಡುಗಳನ್ನು. ಎರಡು ಇಂಚು, ಒಂದೂವರೆ ಇಂಚು, ಕೋಣೆ, ಕೊಂಬೆ ಯಾವುದೂ ಅವಳ ಲೆಕ್ಕದಲ್ಲಿ ಇರಲೇ ಇಲ್ಲ.

ಮತ್ತೆ ಟ್ಯೂಬು ಕಟ್ಟಲೇ ಎಂದು ಒಂದು ಗಳಿಗೆ ಯೋಚಿಸಿದೆ, ಕೇಳಿಯೂ ಕೇಳಿದೆ. ಆಯಿ ನನ್ನನ್ನು ಅಪ್ಪಯ್ಯನನ್ನು ನೋಡುತ್ತಿದ್ದಂತೆಯೇ ನೋಡಿದಳು. ‘ಮಳ್ಳನನೋ ನೀನು? ಅಡ್ಡಿಲ್ಲೆ, ತಿರುವಲ್ಲಿ ಒಂದ್ ಹಾರ್ನ್ ಹೊಡಿ. ಆನು ಚಾಕ್ಕೆ ನೀರಿಡ್ತಿ.’

ಯುಗಾದಿಗೆ ಹೋದಾಗ ಹಾಗೆಯೇ ಮಾಡಿದೆ. ಎರಡನೇ ಗೇರಿಗೆ ಇಳಿಸಿ ಮೋರಿಯ ಮೇಲೆ ಹಾರ್ನ್ ಒತ್ತಿದಾಗ, ಎಂಜಿನ್ ಮೆಲ್ಲಗಿದ್ದುದರಿಂದ ಡೈನಮೋಕ್ಕೆ ಎರಡನ್ನೂ ಸಂಭಾಳಿಸಲಾಗದೆ, ಹಿಂದಿನ ಹಲಗೆಯಡಿಯ ಭಾಗವತರು ಒಂದು ಕ್ಷಣ ಕುಗ್ಗಿ ಮತ್ತೆ ಎದ್ದರು.